ಮಾಲು ಸಸ್ತಾ, ದಾರಿ ತುಟ್ಟಿ! ಪರದೇಶದಿಂದ ಪ್ಯಾಡ್ ತರಿಸಿದವರ ಪಾಡು

ಬೀದರಿಗೆ ಪರದೇಶದ ಮಾಲು ಬರುವುದು ಹೊಸದೇನಲ್ಲ. 15ನೇ ಶತಮಾನದಲ್ಲಿ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್ ಮಾರಾಟಕ್ಕೆಂದು ಒಂದು ಕುದುರೆ ತಂದಿದ್ದ. ದಾರಿಯಲ್ಲಿ ಜುನ್ನರಿನ ಅಧಿಕಾರಿ ಅದನ್ನು ಹಿಡಿದಿಟ್ಟುಕೊಂಡ. ಬಿಡಿಸಿಕೊಂಡು ಬಂದು ಬೀದರಿನಲ್ಲಿ ಮಾರುವ ಹೊತ್ತಿಗೆ ವರ್ಷದ ಮೇವಿನ ಖರ್ಚು ಮೈಮೇಲೆ ಬಂದಿತ್ತು. ಆತನೇ ಬರೆದಿಟ್ಟ ಪ್ರವಾಸ ಕಥನದಲ್ಲಿ ಈ ಲೆಕ್ಕವಿದೆ.

ಐದು ನೂರು ವರ್ಷ ಕಳೆದವು. ಕುದುರೆ ಹೋಗಿ ಪ್ಯಾಡ್ ಬಂತು. ದಾರಿಯಲ್ಲಿ ಹಿಡಿದಿಡುವುದು ಮಾತ್ರ ಹಾಗೇ ಇದೆ!

ಪ್ಯಾಡ್ ಅಂದರೇನು ಅಂತೀರಾ? ಮದುವೆ ಮೆರವಣಿಗೆಯಲ್ಲಿ, ಗಣಪತಿ ಕಳಿಸುವ ದಿನ ಗಾಡಿಯ ಮೇಲೆ ನಿಂತು ಹುಡುಗನೊಬ್ಬ ಎರಡು ಕೋಲು ಹಿಡಿದು ಎಂಟು ಚೌಕದ ರಬ್ಬರಿನ ಮೇಲೆ ಬಡಿಯುತ್ತಾನಲ್ಲ, ಅದೇ. ಒಂದು ಚೌಕ ಬಡಿದರೆ ಢೋಲಕ್, ಇನ್ನೊಂದಕ್ಕೆ ತಾಶಾ. ಜಪಾನಿನ ರೋಲ್ಯಾಂಡ್ ಕಂಪನಿ 1985ರಲ್ಲಿ 'ಆಕ್ಟಾಪ್ಯಾಡ್' ಎಂದು ಹೊರತಂದ ಯಂತ್ರದ ವಂಶ ಇದು. ಪಕ್ಕದಲ್ಲಿ ನುಡಿಸುವ ಬೆಂಜೊ ಸಹ ಜಪಾನಿನ ಮೂಲದ್ದೇ. 1912ರಲ್ಲಿ ನಗೋಯಾ ಊರಿನಲ್ಲಿ ಹುಟ್ಟಿದ 'ತೈಶೊಗೊತೊ' ನಮ್ಮಲ್ಲಿಗೆ ಬಂದು ಬುಲ್‌ಬುಲ್ ತರಂಗವಾಯಿತು, ಬೆಂಜೊ ಆಯಿತು.

ಭಾಲ್ಕಿಯ ಒಬ್ಬ ಪ್ಯಾಡ್ ವಾದಕರ ಕಥೆ ಕೇಳಿ. ಯುಗಾದಿ ಮುಗಿದು ಮದುವೆ ಸೀಜನ್ ಶುರುವಾಗುವ ಹೊತ್ತಿಗೆ ಅವರ ಹಳೇ ಪ್ಯಾಡ್ ಕೈಕೊಟ್ಟಿತು. ಹೈದರಾಬಾದಿನಲ್ಲಿ ಕೇಳಿದರೆ, ಈ ಮಾಡೆಲ್ ಬಂದ್ ಆಗಿದೆ, ಹೊಸದು ತಗೊಳ್ಳಿ ಅಂದರು. ಹೊಸದಕ್ಕೆ ರೊಕ್ಕ ಸಾಲದು, ಕೈ ಕೂತಿದ್ದು ಹಳೆಯದರ ಮೇಲೆ. ಅದೇ ಮಾಡೆಲಿನ ಬಳಸಿದ ಪ್ಯಾಡ್ ಅಮೆರಿಕದ ಅಂಗಡಿಯೊಂದರಲ್ಲಿ ಮೊಬೈಲಿನಲ್ಲಿ ಕಂಡಿತು. ಆದರೆ ಆ ಅಂಗಡಿಯವರು ಹಿಂದೂಸ್ತಾನಕ್ಕೆ ಕಳಿಸುವುದಿಲ್ಲ.

ಇಲ್ಲಿ ಪಾರ್ಸೆಲ್ ಫಾರ್ವರ್ಡರ್ ಬರುತ್ತಾನೆ. ಇವನ ಧಂದೆ ಏನಪ್ಪಾ ಅಂದರೆ, ಅಮೆರಿಕದಲ್ಲೋ ಜಪಾನಿನಲ್ಲೋ ಇರುವ ತನ್ನ ಗೋದಾಮಿನ ವಿಳಾಸವನ್ನು ನಿಮ್ಮ ಹೆಸರಿಗೆ ಒಂದು ನಂಬರ್ ಹಾಕಿ ಕೊಡುತ್ತಾನೆ. ಅಂಗಡಿಯವರು ಅಲ್ಲಿಗೆ ಕಳಿಸುತ್ತಾರೆ. ಇವನು ಅದನ್ನು, ಬೇಕಾದರೆ ನಾಲ್ಕಾರು ಸಾಮಾನು ಒಂದೇ ಪೆಟ್ಟಿಗೆಗೆ ಸೇರಿಸಿ, ವಿಮಾನದ ಕೊರಿಯರಿಗೆ ಏರಿಸುತ್ತಾನೆ. ಮೊದಲು ಇದೇ ಕೆಲಸವನ್ನು ದುಬೈನಲ್ಲಿದ್ದ ಮಾಮಾನೋ ಚಿಕ್ಕಪ್ಪನೋ ಮಾಡುತ್ತಿದ್ದರು. ಮಾಮಾ ಬಾಡಿಗೆ ಕೇಳುತ್ತಿರಲಿಲ್ಲ, ಇವನು ಕೇಳುತ್ತಾನೆ, ಅಷ್ಟೇ!

ಭಾಲ್ಕಿಯವರು 20 ಸಾವಿರಕ್ಕೆ ಸಿಕ್ಕಿತು ಎಂದು ಖುಷಿಪಟ್ಟರು. ಪೆಟ್ಟಿಗೆ ಕಸ್ಟಮ್ಸಿನಲ್ಲಿ ನಿಂತಿತು. ಗುರುತಿನ ಕಾಗದ ಕೊಡಿ, ಬಿಲ್ ಕೊಡಿ, ಸುಂಕ ಕಟ್ಟಿ ಎಂದು ಮೆಸೇಜಿನ ಮೇಲೆ ಮೆಸೇಜು. ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಸೀಜನ್ ಬಾಡಿಗೆ ಪ್ಯಾಡ್ ಮೇಲೆಯೇ ಕಳೆಯಿತು. "ಅಣ್ಣಾ, ಮಾಲ್ ಸಸ್ತಾನೇ ಇತ್ರಿ, ದಾರಿ ತುಟ್ಟಿ ಆಯ್ತು ನೋಡ್ರಿ. ಹೆಸರ ಮಾತ್ರ ಬರೀಬ್ಯಾಡ್ರಿ, ಮನ್ಯಾಗ ಇನ್ನಾ ಪೂರಾ ಲೆಕ್ಕ ಹೇಳಿಲ್ಲ" ಎಂದರು.

ಲೆಕ್ಕ ತಪ್ಪಿದ್ದೆಲ್ಲಿ? ಮೂರು ಕಡೆ.

ಒಂದು, ತೂಕ. ಕೊರಿಯರಿನವರು ತಕ್ಕಡಿ ಒಂದನ್ನೇ ನಂಬುವುದಿಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾಮಾನ್ಯವಾಗಿ 5000ದಿಂದ ಭಾಗಿಸುತ್ತಾರೆ. 60, 50, 20 ಸೆಂಟಿಮೀಟರಿನ ಪೆಟ್ಟಿಗೆ ಅಂದರೆ 12 ಕಿಲೋ. ಒಳಗಿನ ಮಾಲು 5 ಕಿಲೋ ಇದ್ದರೂ 12ರದ್ದೇ ಬಾಡಿಗೆ. ಉಳಿದದ್ದು ಥರ್ಮೊಕೋಲು ಮತ್ತು ಗಾಳಿಯ ತೂಕ!

ಎರಡು, ಸುಂಕ. ಸುಂಕ ಬೀಳುವುದು ಮಾಲಿನ ಬೆಲೆಯ ಮೇಲಷ್ಟೇ ಅಲ್ಲ, ಸಾಗಾಟ ಮತ್ತು ವಿಮೆಯನ್ನೂ ಕೂಡಿಸಿ.  ಅದಕ್ಕೆ ಕಸ್ಟಮ್ಸ್ ಸುಂಕ, ಆ ಸುಂಕವನ್ನೂ ಸೇರಿಸಿದ ಮೊತ್ತದ ಮೇಲೆ ಜಿಎಸ್‌ಟಿ, ಕೊನೆಗೆ ಕೊರಿಯರಿನವರ ಕಾಗದಪತ್ರದ ಕೂಲಿ. ದರ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತದೆ. ಆರ್ಡರ್ ಮಾಡುವ ದಿನವೇ ಕೇಳಿಕೊಳ್ಳಬೇಕು.

"ಗಿಫ್ಟ್ ಅಂತ ಬರೆಸಿದ್ರ ಆಯ್ತಲ್ಲ ಕಾಕಾ" ಅನ್ನುವ ಜಾಣರಿದ್ದಾರೆ. 5 ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಇದ್ದ ಸುಂಕದ ವಿನಾಯಿತಿಯನ್ನು 2019ರ ಡಿಸೆಂಬರಿನಲ್ಲೇ ತೆಗೆದುಹಾಕಿದರು, ರಾಖಿಯಂಥ ಒಂದೆರಡನ್ನು ಬಿಟ್ಟು. ಬೆಲೆ ಕಡಿಮೆ ಬರೆಸಿ ಸಿಕ್ಕಿಬಿದ್ದರೆ 1962ರ ಕಸ್ಟಮ್ಸ್ ಕಾಯ್ದೆ ಪ್ರಕಾರ ಮಾಲು ಜಪ್ತಿಯಾಗಬಹುದು, ದಂಡವೂ ಬೀಳಬಹುದು.

ಮೂರು, ಕರೆಂಟು. ನಮ್ಮದು 230 ವೋಲ್ಟು. ಅಮೆರಿಕದ್ದು 120, ಜಪಾನಿನದು 100. ಅಲ್ಲಿಯ ಮನೆ ಕರೆಂಟಿಗಷ್ಟೇ ಮಾಡಿದ ಯಂತ್ರವನ್ನು ಇಲ್ಲಿ ನೇರ ಪ್ಲಗ್ಗಿಗೆ ಹಾಕಿದರೆ ಹೊಗೆ ಬಂದೀತು. ಅಡಾಪ್ಟರಿನ ಮೇಲೆ '100-240' ಅಂತ ಬರೆದಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ದುಬೈ ಕರೆಂಟು ನಮ್ಮಂತೆಯೇ, ಆದ್ದರಿಂದ ಮಾಮಾ ತಂದ ಮಾಲಿಗೆ ಈ ತಂಟೆ ಇರಲಿಲ್ಲ. ವೈರ್‌ಲೆಸ್ ಮೈಕಿಗೆ ಸರ್ಕಾರದ ಅನುಮೋದನೆಯ ತಂಟೆ ಬೇರೆ. ಲಿಥಿಯಂ ಬ್ಯಾಟರಿ ಇದ್ದರೆ ವಿಮಾನಕ್ಕೆ ಹತ್ತಿಸುವಾಗಲೇ ತಕರಾರು.

ಹಾಗಾದರೆ ಈ ದಾರಿಯೇ ಬೇಡವೇ? ಹಾಗೇನಿಲ್ಲ. ಔರಾದಿನ ಹುಡುಗನೊಬ್ಬ ಜಾಣತನ ತೋರಿಸಿದ. ಅವನ ಪ್ಯಾಡಿನಲ್ಲಿ ಎರಡು ಚೌಕ ಮೂಕಾಗಿದ್ದವು. ಬೀದರಿನ ಚೌಬಾರಾ ಹತ್ತಿರದ ರಿಪೇರಿಯವರಿಗೆ ಮೊದಲು ತೋರಿಸಿದ. ಬಡಿತ ಹಿಡಿಯುವ ಸೆನ್ಸರ್ ಬಿಲ್ಲೆ ಹೈದರಾಬಾದಿನ ಕೋಠಿಯಲ್ಲೇ ಸಿಕ್ಕಿತು. ಆ ಮಾಡೆಲಿಗೇ ಬೇಕಾದ ರಬ್ಬರ್ ಹಾಸು ಮಾತ್ರ ಎಲ್ಲಿಯೂ ಇಲ್ಲ. ಅದೊಂದನ್ನು ಫಾರ್ವರ್ಡರ್ ಮೂಲಕ ತರಿಸಿದ. ಹಗುರ ಸಾಮಾನು, ಚಿಕ್ಕ ಪೊಟ್ಟಣ, ಸುಂಕವೂ ಅಷ್ಟಕ್ಕಷ್ಟೇ. ಜೊತೆಗೆ ಇನ್ನೊಬ್ಬ ಗೆಳೆಯನ ಬಿಡಿಭಾಗವನ್ನೂ ಸೇರಿಸಿದ್ದರಿಂದ ಬಾಡಿಗೆ ಇಬ್ಬರಿಗೂ ಹಂಚಿಹೋಯಿತು.

ಇದರಲ್ಲಿ ಪಾಠವಿದೆ. ನಮ್ಮ ಭಜನೆಯ ಹಾರ್ಮೋನಿಯಂ ನೋಡಿ. ಅದೂ ಯುರೋಪಿನಿಂದ ಬಂದದ್ದೇ. 1875ರಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ಕೂತು ಕೈಯಿಂದ ಗಾಳಿ ಹಾಕುವಂತೆ ಅದನ್ನು ನಮ್ಮ ನೆಲಕ್ಕೆ ಒಗ್ಗಿಸಿದರು. ರೀಡುಗಳು ಮಾತ್ರ ಜರ್ಮನಿ, ಫ್ರಾನ್ಸಿನಿಂದ ಬರುತ್ತಿದ್ದವು. ಈಗ ಗುಜರಾತಿನ ಪಾಲಿತಾಣಾದಲ್ಲೇ ರೀಡು ತಯಾರಾಗುತ್ತವೆ. ಗುರುದ್ವಾರದ ಕೀರ್ತನೆಗಾಗಲಿ ವಚನ ಗಾಯನಕ್ಕಾಗಲಿ ಇಂದು ಯಾರೂ ಹಡಗಿನ ದಾರಿ ಕಾಯುವುದಿಲ್ಲ.

ಪ್ಯಾಡಿಗೆ ಆ ಕಾಲ ಇನ್ನೂ ಬಂದಿಲ್ಲ. ಬರುವವರೆಗೆ ನಮ್ಮ ಮೂರೂ ಊರಿನ ವಾದಕರಿಗೆ ಒಂದೇ ಮಾತು. ಮೊದಲು ರಿಪೇರಿಯವರನ್ನು ಕೇಳಿ. ತರಿಸಲೇಬೇಕಾದರೆ ಬಿಡಿಭಾಗ ತರಿಸಿ, ನಾಲ್ಕು ಜನ ಕೂಡಿ ತರಿಸಿ. ಇಡೀ ಯಂತ್ರವೇ ಬೇಕೆಂದರೆ ಬೆಲೆ, ಬಾಡಿಗೆ, ಸುಂಕ, ಟ್ರಾನ್ಸ್‌ಫಾರ್ಮರ್ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಕೂಡಿಸಿ ನೋಡಿ, ಆಮೇಲೆ ಬಟನ್ ಒತ್ತಿ. ತರಿಸುವುದಿದ್ದರೆ ಆಷಾಢದಲ್ಲಿ ತರಿಸಿ, ಮದುವೆಗಳ ನಡುವೆ ಬೇಡ.

ನಿಕಿತಿನನಿಗೆ ಕುದುರೆ ಮಾರಿದ ಮೇಲೆ ಲೆಕ್ಕ ತಿಳಿಯಿತು. ನಮಗೆ ಮೊದಲೇ ತಿಳಿಯುವ ಅನುಕೂಲವಿದೆ.