ಎಲ್‌ಎಲ್‌ಆರ್ ಕೈಗೆ ಬಂದ ಮೇಲಿನ ಆರು ತಿಂಗಳು

ಕಾರು ಕಲಿಯಲು ಹೊರಟವರು ಮೊದಲು ಕೇಳುವುದು, "ಡಿಎಲ್ ಎಷ್ಟು ದಿನಕ್ಕೆ ಸಿಗುತ್ತೆ?" ಎಂದು. ಎಲ್‌ಎಲ್‌ಆರ್ (ಕಲಿಕಾ ಪರವಾನಗಿ) ಪಡೆದು 30 ದಿನ ಕಳೆದರೆ ಚಾಲನಾ ಪರೀಕ್ಷೆಗೆ ಹೋಗಬಹುದು, ಎಲ್‌ಎಲ್‌ಆರ್‌ನ ಅವಧಿ 6 ತಿಂಗಳು. ಹೆಚ್ಚಿನವರ ಕಣ್ಣೆಲ್ಲ ಮೂವತ್ತೊಂದನೆಯ ದಿನದ ಮೇಲೆ. ಮಿಕ್ಕ ಐದು ತಿಂಗಳು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ವೈ.ಎನ್.ಹೊಸಕೋಟೆ ಸುತ್ತಿನ ರಸ್ತೆಗಳಲ್ಲಿ ಧೈರ್ಯವಾಗಿ ಗಾಡಿ ಓಡಿಸಬೇಕೆನ್ನುವವರಿಗೆ ನಿಜವಾದ ಕಲಿಕೆ ಆಗುವುದು ಆ ತಿಂಗಳುಗಳಲ್ಲೇ.

ರೇಷ್ಮೆ ಸೀರೆ ನೇಯ್ಗೆಯ ಊರಾದ ಹೊಸಕೋಟೆ ಪಾವಗಡ ತಾಲ್ಲೂಕಿಗೆ ಸೇರಿದ್ದು. ಸಾರಿಗೆ ಕಚೇರಿ ಇರುವುದು ಮಾತ್ರ ಮಧುಗಿರಿಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕುಗಳ ಹೊಸ ಗಾಡಿಗಳ ಮೇಲೆ ಕೆಎ 64 ಕಾಣುವುದು ಅದಕ್ಕೇ. ಅರ್ಜಿ ಹಾಕುವುದು ಸಾರಥಿ ಜಾಲತಾಣದಲ್ಲಿ. ಕಾರಿಗೆ 18 ವರ್ಷ ತುಂಬಿರಬೇಕು. 40 ದಾಟಿದವರು ನಮೂನೆ 1-ಎಯಲ್ಲಿ ವೈದ್ಯರ ಪ್ರಮಾಣಪತ್ರ ಕೊಡಬೇಕು. ಎಲ್‌ಎಲ್‌ಆರ್ ಪರೀಕ್ಷೆಯಲ್ಲಿ ಶೇ 60ರಷ್ಟು ಉತ್ತರ ಸರಿಯಾದರೆ ಪಾಸು. ಉತ್ತರಗಳನ್ನು ಬಾಯಿಪಾಠ ಮಾಡುವ ಬದಲು ರಸ್ತೆ ಚಿಹ್ನೆಗಳನ್ನು ಅರ್ಥ ಮಾಡಿಕೊಂಡು ಹೋಗಿ. ಇನ್ನೊಂದು ಅನುಮಾನ ಗಡಿಯವರನ್ನು ಬಹಳ ಕಾಡುತ್ತದೆ. ಪಾವಗಡ ತಾಲ್ಲೂಕನ್ನು ಬಹುಪಾಲು ಆಂಧ್ರವೇ ಸುತ್ತಿಕೊಂಡಿದೆ, ಹಾಗಾದರೆ ಎಲ್‌ಎಲ್‌ಆರ್ ಇಟ್ಟುಕೊಂಡು ಆ ಕಡೆಯ ರಸ್ತೆಗೆ ಹೋಗಬಹುದೇ? ಹೋಗಬಹುದು. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಡಿಎಲ್‌ನಂತೆ ಎಲ್‌ಎಲ್‌ಆರ್ ಕೂಡ ಇಡೀ ದೇಶಕ್ಕೆ ಅನ್ವಯ.

ಡ್ರೈವಿಂಗ್ ಸ್ಕೂಲಿಗೆ ಸೇರುವುದು ಒಳ್ಳೆಯದು. ಅಲ್ಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಬ್ರೇಕ್ ಇರುತ್ತದೆ. ನಿಯಮದಂತೆ ಅವರು ನಿಮ್ಮ ಕೈಯಲ್ಲಿ ಕನಿಷ್ಠ 10 ಗಂಟೆ ಗಾಡಿ ಓಡಿಸಿಸಬೇಕು. ದಿನಕ್ಕೆ ಎಷ್ಟು ಹೊತ್ತು ಸ್ಟೇರಿಂಗ್ ಹಿಡಿದಿರಿ ಎಂದು ಬರೆದಿಟ್ಟುಕೊಳ್ಳಿ, ಕಡಿಮೆಯಾದರೆ ಸಂಕೋಚವಿಲ್ಲದೆ ಕೇಳಿ, ದುಡ್ಡು ಕೊಟ್ಟಿದ್ದೀರಿ. ಆದರೆ 10 ಗಂಟೆ ಎಂಬುದು ಕನಿಷ್ಠ ಮಿತಿ, ಅಷ್ಟಕ್ಕೇ ಕೈ ಕೂರುವುದಿಲ್ಲ. ಆಮೇಲಿನ ಅಭ್ಯಾಸ ಮನೆಯ ಕಾರಿನಲ್ಲೇ ಆಗಬೇಕು. ಹಿಂದೆ ಮುಂದೆ ಬಿಳಿ ಹಿನ್ನೆಲೆಯ ಕೆಂಪು 'ಎಲ್' ಬೋರ್ಡು ಇರಲಿ. ಪಕ್ಕದಲ್ಲಿ ಡಿಎಲ್ ಇರುವವರು ಕೂರಲೇಬೇಕು. ಮನೆಯ ಕಾರಿನಲ್ಲಿ ಅವರ ಕೈಗೆ ಸಿಗುವುದು ಹ್ಯಾಂಡ್ ಬ್ರೇಕ್ ಒಂದೇ, ಹಾಗಾಗಿ ಅಣ್ಣನೋ ಮಾವನೋ ಯಾರೇ ಕೂತರೂ ಮೊಬೈಲು ಕೆಳಗಿಟ್ಟು ಕೂರಲಿ. ಹೆಂಗಸರು ಕಲಿಯುವಾಗ ಪಕ್ಕದಲ್ಲಿ ಕೂತವರು ಕೂಗಾಡುವುದು ನಮ್ಮಲ್ಲಿ ಹೆಚ್ಚು. ಎಷ್ಟೋ ಜನ ಅದರಿಂದಲೇ ಕಲಿಕೆ ಬಿಟ್ಟಿದ್ದಾರೆ. ತಾಳ್ಮೆಯಿಲ್ಲದವರು ಆ ಸೀಟಿನಲ್ಲಿ ಕೂರಬಾರದು.

ಹೊಸಬರಿಗೆ ಕಷ್ಟ ಕೊಡುವುದು ಕ್ಲಚ್. ಎಕ್ಸಲೇಟರ್ ಮುಟ್ಟದೆ, ಸಮತಟ್ಟಾದ ಬಯಲಿನಲ್ಲಿ, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಬನ್ನಿ. ಒಂದು ಹಂತದಲ್ಲಿ ಎಂಜಿನ್ ಸದ್ದು ತಗ್ಗಿ ಗಾಡಿ ಮೆಲ್ಲಗೆ ಮಿಸುಕುತ್ತದೆ. ಅದೇ ಹಾಫ್ ಕ್ಲಚ್. ಕಾಲು ಅಲ್ಲಿ ಅರೆಗಳಿಗೆ ನಿಲ್ಲುವುದನ್ನು ಕಲಿತರೆ ಗಾಡಿ ಆಫ್ ಆಗುವುದು ತಪ್ಪುತ್ತದೆ. ದಿಬ್ಬದಲ್ಲಿ ನಿಂತರೆ ಹ್ಯಾಂಡ್ ಬ್ರೇಕ್ ಎಳೆದಿಟ್ಟು ಹಾಫ್ ಕ್ಲಚ್‌ಗೆ ಬನ್ನಿ, ಸ್ವಲ್ಪ ಎಕ್ಸಲೇಟರ್ ಕೊಡಿ, ಗಾಡಿಯ ಮೂತಿ ಎದ್ದಂತಾದಾಗ ಹ್ಯಾಂಡ್ ಬ್ರೇಕ್ ಇಳಿಸಿ. ಹಿಂದೆ ಸರಿಯುವುದಿಲ್ಲ. ಗೇರ್ ಬದಲಿಸಿದ ಮೇಲೆ ಕಾಲನ್ನು ಕ್ಲಚ್ ಮೇಲೆ ಇಟ್ಟುಕೊಂಡೇ ಓಡಿಸುವ ಚಾಳಿ ಬೇಡ, ಪ್ಲೇಟ್ ಸವೆಯುತ್ತದೆ.

ಗಾಡಿ ಹಿಡಿತಕ್ಕೆ ಬರಲು ಕೆಲವು ವಾರ ಸಾಕು. ರಸ್ತೆ ಅರ್ಥವಾಗಲು ಇನ್ನೂ ಸಮಯ ಬೇಕು. 2022ರ ಮಾರ್ಚ್ 19ರ ಬೆಳಿಗ್ಗೆ ಹೊಸಕೋಟೆಯಿಂದ ಪಾವಗಡಕ್ಕೆ ಹೊರಟಿದ್ದ, ಕಿಕ್ಕಿರಿದ ಖಾಸಗಿ ಬಸ್ಸು ಪಳವಳ್ಳಿ ಕಟ್ಟೆಯ ಬಳಿ ಮಗುಚಿತು. ವಿದ್ಯಾರ್ಥಿಗಳೂ ಸೇರಿ ಹಲವರ ಜೀವ ಹೋಯಿತು. ಆ ದಾರಿಯಲ್ಲಿ ಓಡಾಡುವ ಯಾರೂ ಅದನ್ನು ಮರೆತಿಲ್ಲ. ತಿರುವಿಗೆ ಮೊದಲೇ ವೇಗ ಇಳಿಸಿ, ಗೇರ್ ತಗ್ಗಿಸಿ, ಆಮೇಲೆ ಸ್ಟೇರಿಂಗ್ ತಿರುಗಿಸಬೇಕು. ತಿರುವಿನ ನಡುವೆ ಜೋರಾಗಿ ಬ್ರೇಕ್ ಒತ್ತಿದರೆ ಟೈರುಗಳ ಹಿಡಿತ ತಪ್ಪುತ್ತದೆ. 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕಾಲು ಬ್ರೇಕಿಗೆ ಬರುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ. ಮುಂದಿನ ಗಾಡಿ ಒಂದು ಹುಣಸೆ ಮರ ದಾಟಿದ ಮೇಲೆ ನೀವು ಅದೇ ಮರದ ಹತ್ತಿರ ಬರಲು ಮೂರು ಸೆಕೆಂಡಾದರೂ ಆಗಬೇಕು. ಮಳೆಯಲ್ಲಿ ಇನ್ನೂ ಹೆಚ್ಚು.

ಸುಗ್ಗಿಯಲ್ಲಿ ಡಾಂಬರು ರಸ್ತೆಯೇ ಕಣವಾಗುವ ನಾಡು ನಮ್ಮದು. ರಾಗಿ, ತೊಗರಿ, ಹುರುಳಿ ಹರಡಿರುತ್ತಾರೆ. ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು, ಸೈಲೆನ್ಸರ್ ಪೈಪಿನ ಬಿಸಿಗೆ ಹೊತ್ತಿ ಕಾರು ಸುಟ್ಟ ಪ್ರಸಂಗಗಳು ಕರ್ನಾಟಕದಲ್ಲಿ ನಡೆದಿವೆ. ಹುಲ್ಲಿನ ಮೇಲೆ ಹಾಯಿಸಲೇಬೇಕಾಗಿ ಬಂದರೆ ಮುಂದೆ ಬಯಲಿನಲ್ಲಿ ನಿಲ್ಲಿಸಿ, ಇಳಿದು, ಕೆಳಗೆ ಬಗ್ಗಿ ನೋಡಿ. ಒಕ್ಕಣೆಯ ಮೇಲೆ ಗಾಡಿ ನಿಲ್ಲಿಸಲೇಬೇಡಿ. ಕುರಿಮಂದೆ ಎದುರಾದರೆ ಹಾರನ್ ಹೊಡೆಯಬೇಡಿ, ಬೆದರಿದ ಕುರಿಗಳು ಚಕ್ರದ ಕಡೆಗೇ ನುಗ್ಗುತ್ತವೆ. ಗಾಡಿ ನಿಲ್ಲಿಸಿದರೆ ಕುರಿಗಾಹಿಯೇ ದಾರಿ ಮಾಡಿಕೊಡುತ್ತಾನೆ. ಶನಿವಾರ ಪಾವಗಡದ ಶನಿಮಹಾತ್ಮ ದೇವಸ್ಥಾನಕ್ಕೆ ದೂರದೂರದಿಂದ ಗಾಡಿಗಳು ಬರುತ್ತವೆ. ಕ್ಲಚ್ ಪೂರ್ತಿ ಒಗ್ಗುವವರೆಗೆ ಆ ದಿನ ಪೇಟೆಯೊಳಕ್ಕೆ ಹೋಗುವುದು ಬೇಡ.

ರಾತ್ರಿಯ ಓಡಾಟವನ್ನು ಕೊನೆಗೆ ಇಟ್ಟುಕೊಳ್ಳಿ. ಹಿಂದಿನ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ. ಎದುರಿನಿಂದ ಗಾಡಿ ಬಂದರೆ ಡಿಮ್ ಮಾಡಿ, ಕಣ್ಣು ಕುಕ್ಕಿದರೆ ಆ ಬೆಳಕನ್ನು ನೋಡದೆ ರಸ್ತೆಯ ಎಡ ಅಂಚನ್ನು ನೋಡುತ್ತ ವೇಗ ಇಳಿಸಿ. ಶಿರಾ ಬಳಿಯ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಹೋಗುವುದು ಇದೆಲ್ಲ ರೂಢಿಯಾದ ಮೇಲೆ, ಅದೂ ಮೊದಲ ಸಲ ಹಗಲು ಹೊತ್ತಿನಲ್ಲಿ.

ಇಷ್ಟು ಕಲಿತು ನಾಲ್ಕನೆಯದೋ ಐದನೆಯದೋ ತಿಂಗಳಲ್ಲಿ ಮಧುಗಿರಿಗೆ ಹೋದರೆ ಪರೀಕ್ಷೆ ಭಾರವಾಗದು. ಕೂತ ಕೂಡಲೇ ಸೀಟು, ಕನ್ನಡಿ, ಬೆಲ್ಟ್ ಸರಿ ಮಾಡಿಕೊಳ್ಳಿ. ಅಧಿಕಾರಿ ಗಮನಿಸುವುದು ಅಲ್ಲಿಂದಲೇ. ಹೊರಡುವ ಮುನ್ನ ಇಂಡಿಕೇಟರ್ ಹಾಕಿ, ರಿವರ್ಸ್ ತೆಗೆಯುವಾಗ ಅವಸರ ಮಾಡಬೇಡಿ. ಫೇಲಾದರೆ ಏಳು ದಿನ ಕಳೆದು ಮತ್ತೆ ಹೋಗಬಹುದು. ಕೊನೆಯ ವಾರಕ್ಕೆ ಉಳಿಸಿಕೊಂಡರೆ ಎಲ್‌ಎಲ್‌ಆರ್ ಅವಧಿ ಮುಗಿದೀತು, ಹಾಗಾಗಿ ಇನ್ನೊಂದು ಯತ್ನಕ್ಕೆ ದಿನ ಉಳಿಯುವಂತೆ ಪರೀಕ್ಷೆಯ ದಿನ ಗೊತ್ತು ಮಾಡಿಕೊಳ್ಳಿ.