ಹೆಡ್‌ಮಾಸ್ಟರ್ ಒಪ್ಪಿದ ಸುದ್ದಿ

ಕೈವಾರ, ಚಿಂತಾಮಣಿ ಕಡೆಯ ಹೈಸ್ಕೂಲುಗಳ ಗೋಡೆ ಪತ್ರಿಕೆ ಹೇಗಿರುತ್ತದೆಂದು ಕಣ್ಣು ಮುಚ್ಚಿ ಹೇಳಬಹುದು. ಡ್ರಾಯಿಂಗ್ ಶೀಟು, ಸ್ಕೆಚ್ ಪೆನ್ನಿನ ಬಳ್ಳಿ ಬಾರ್ಡರು, ಮೇಲ್ಗಡೆ ಒಂದು ಸುಭಾಷಿತ. ಪಕ್ಕದಲ್ಲಿ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯ, ಗೌರಿಬಿದನೂರು ಹೊಸೂರಿನ ಎಚ್. ನರಸಿಂಹಯ್ಯ. ಬಳೆ ಮಾರುತ್ತಿದ್ದ ನಾರೇಯಣ ತಾತಯ್ಯ ಜನರ ಡಂಭಾಚಾರವನ್ನು ಹೇಗೆ ಝಾಡಿಸಿದರು ಎಂಬುದರ ಮೇಲೆ ದುಂಡಗಿನ ಅಕ್ಷರದ ಒಂದು ಪ್ರಬಂಧ. ಎಲ್ಲ ಇರುತ್ತದೆ, ಶಾಲೆಯೊಂದನ್ನು ಬಿಟ್ಟು. ಶೌಚಾಲಯದ ಬೀಗದ ಕೈ ಯಾರ ಹತ್ತಿರವಿದೆ, ಫ್ಲೋರೈಡ್ ನೀರಿನ ಈ ಸೀಮೆಯಲ್ಲಿ ಫಿಲ್ಟರ್ ಕೆಟ್ಟು ಎಷ್ಟು ದಿನವಾಯಿತು, ಗಣಿತದ ಮೇಷ್ಟ್ರು ಯಾಕೆ ಬಂದಿಲ್ಲ, ಇಂಥದ್ದೊಂದೂ ಅಲ್ಲಿಗೆ ಬರುವುದಿಲ್ಲ. ಯಾರೂ ತಡೆದಿರುವುದಿಲ್ಲ. ಮೇಷ್ಟ್ರು ಏನನ್ನು ಒಪ್ಪುತ್ತಾರೆಂದು ಪೆನ್ನು ಹಿಡಿಯುವ ಮೊದಲೇ ಮಕ್ಕಳಿಗೆ ಗೊತ್ತಿರುತ್ತದೆ.

ತಮಾಷೆಯೆಂದರೆ, ಕಾನೂನಿಗೆ ಈ ಪತ್ರಿಕೆಯ ಗೊಡವೆಯೇ ಇಲ್ಲ. 1867ರ ಪತ್ರಿಕಾ ನೋಂದಣಿ ಕಾಯ್ದೆ ಸೈಕ್ಲೋಸ್ಟೈಲನ್ನೂ ಕಲ್ಲಚ್ಚನ್ನೂ ಮುದ್ರಣವೆಂದೇ ಹಿಡಿದಿತ್ತು. ಅದರ ಜಾಗಕ್ಕೆ ಬಂದ 2023ರ ಕಾಯ್ದೆಗೂ ಬೇಕಿರುವುದು ಅಚ್ಚಾದ ನಿಯತಕಾಲಿಕವೇ. ಸ್ಕೆಚ್ ಪೆನ್ನಿಗೆ ರಿಜಿಸ್ಟ್ರಾರ್ ಇಲ್ಲ, ಡಿಕ್ಲರೇಷನ್ ಇಲ್ಲ. ಇರುವವರು ಹೆಡ್‌ಮಾಸ್ಟರ್ ಒಬ್ಬರೇ.

ಹೆಡ್‌ಮಾಸ್ಟರ್ ಮತ್ತು ಪತ್ರಿಕೆಯ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋದದ್ದು ಅಮೆರಿಕದಲ್ಲಿ. 1983ರ ಮೇ ತಿಂಗಳು, ಸೇಂಟ್ ಲೂಯಿಸ್ ಬಳಿಯ ಹೇಝಲ್‌ವುಡ್ ಈಸ್ಟ್ ಹೈಸ್ಕೂಲು. ‘ಸ್ಪೆಕ್ಟ್ರಮ್’ ಎಂಬ ವಿದ್ಯಾರ್ಥಿ ಪತ್ರಿಕೆಯ ಪುಟಗಳು ಅಚ್ಚಿಗೆ ಹೋಗುವ ಮುಂಚೆ ಪ್ರಿನ್ಸಿಪಾಲ್ ರಾಬರ್ಟ್ ರೆನಾಲ್ಡ್ಸ್ ಮೇಜಿಗೆ ಬಂದವು. ಎರಡು ಬರಹ ಅವರಿಗೆ ಹಿಡಿಸಲಿಲ್ಲ. ಒಂದು ಅದೇ ಶಾಲೆಯ ಮೂವರು ಹುಡುಗಿಯರು ಗರ್ಭಿಣಿಯರಾದ ಕಥೆ. ಹೆಸರು ಬದಲಿಸಿದ್ದರೂ ಗುರುತು ಸಿಕ್ಕೀತೆಂಬ ಅಳುಕು. ಇನ್ನೊಂದು ವಿಚ್ಛೇದನದ ಮೇಲಿನದು. ಅದರಲ್ಲಿ ಹುಡುಗಿಯೊಬ್ಬಳು ತನ್ನ ಅಪ್ಪನನ್ನು ದೂರಿದ್ದಳು, ಅಪ್ಪನ ಮಾತು ಕೇಳಿರಲಿಲ್ಲ. ಶಾಲೆ ಮುಗಿಯುವ ಹೊತ್ತು, ತಿದ್ದಲು ಸಮಯವಿಲ್ಲವೆಂದು ಅವರು ಆ ಎರಡು ಪುಟಗಳನ್ನೇ ಕಿತ್ತರು. ತಕರಾರೇ ಇಲ್ಲದ ಬೇರೆ ಬರಹಗಳೂ ಜೊತೆಗೇ ಹೋದವು. ಆರು ಪುಟದ ಪತ್ರಿಕೆ ನಾಲ್ಕು ಪುಟವಾಗಿ ಹೊರಬಂತು. 1988ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 5–3ರ ಬಹುಮತದಿಂದ ಶಾಲೆಯ ಪರ ನಿಂತಿತು.

ತೀರ್ಪು ಏನೇ ಇರಲಿ, ರೆನಾಲ್ಡ್ಸ್ ಎತ್ತಿದ ಎರಡನೇ ಪ್ರಶ್ನೆ ಸರಿಯಾಗಿಯೇ ಇತ್ತು. ‘ಅಪ್ಪನನ್ನು ಕೇಳಿದೆಯಾ?’ ಎಂದು ಯಾವ ಸುದ್ದಿಮನೆಯ ಚೀಫ್ ಸಬ್ ಕೂಡ ಕೇಳುತ್ತಾರೆ. ಅದನ್ನು ವರದಿ ಬರೆದವಳಿಗೆ ಕೇಳಿ ಫೋನ್ ಹತ್ತಿರ ಕಳಿಸಿದ್ದರೆ ಅವರು ಸಂಪಾದಕರಾಗುತ್ತಿದ್ದರು.

ನಮ್ಮಲ್ಲೂ ಕೋರ್ಟುಗಳು ಶಾಲೆಯ ಗೇಟಿನೊಳಗೆ ಇಣುಕಿದ್ದಿದೆ. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಹೊರಹಾಕಿದ್ದ ಕೇರಳದ ಮೂವರು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಎಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, ವಾಕ್ ಸ್ವಾತಂತ್ರ್ಯದ 19(1)(ಎ) ವಿಧಿಯನ್ನೂ ಆಧಾರವಾಗಿಟ್ಟುಕೊಂಡು. 2015ರಲ್ಲಿ ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಜಗಳ ನೇರವಾಗಿ ಪತ್ರಿಕೆಯದೇ. ಆನ್‌ಲೈನ್ ವಾರಪತ್ರಿಕೆ ತಂದ ವಿದ್ಯಾರ್ಥಿಯೊಬ್ಬ ಪ್ರಾಂಶುಪಾಲರ ಸಂದರ್ಶನವನ್ನು ಅವರ ಒಪ್ಪಿಗೆಗೆ ಕಾಯದೆ ಹಾಕಿದನೆಂದು ಅಮಾನತಾದ. ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು.

ತಾತಯ್ಯ ಎಂದರೆ ಕೈವಾರದವರಿಗೆ ಒಬ್ಬರೇ. ಮೈಸೂರಿನವರಿಗೆ ಇನ್ನೊಬ್ಬರಿದ್ದಾರೆ: ಎಂ. ವೆಂಕಟಕೃಷ್ಣಯ್ಯ (1844–1933). ಮರಿಮಲ್ಲಪ್ಪ ಹೈಸ್ಕೂಲಿನ ಹೆಡ್‌ಮಾಸ್ಟರ್. ‘ವೃತ್ತಾಂತ ಚಿಂತಾಮಣಿ’, ‘ಸಂಪದಭ್ಯುದಯ’, ‘ಸಾಧ್ವಿ’ ಪತ್ರಿಕೆಗಳನ್ನು ನಡೆಸಿದವರೂ ಅವರೇ. ದಿವಾನ್ ಮಾಧವರಾಯರ ಕಾಲದಲ್ಲಿ, 1908ರಲ್ಲಿ, ಅನುಮತಿಯಿಲ್ಲದೆ ಪತ್ರಿಕೆ ನಡೆಸಬಾರದೆಂಬ ಕಾಯ್ದೆಯನ್ನು ಮೈಸೂರು ಸರ್ಕಾರ ತಂದಾಗ ವಿರೋಧಿಸಿದವರ ಮುಂಚೂಣಿಯಲ್ಲಿ ಈ ಮೇಷ್ಟ್ರಿದ್ದರು. ಶಾಲೆ ನಡೆಸುವವರಿಗೆ ಪತ್ರಿಕೆ ಕಂಡರಾಗದು ಎಂಬುದು ಈ ನಾಡಿನ ಮಟ್ಟಿಗೆ ಪೂರ್ತಿ ನಿಜವಲ್ಲ.

ಇವತ್ತಿನ ಹೆಡ್‌ಮಾಸ್ಟರಿಗೆ ಬಿಇಒ ಇದ್ದಾರೆ, ಎಸ್‌ಡಿಎಂಸಿ ಇದೆ, ಗೋಡೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕುವವರೂ ಇದ್ದಾರೆ. ಅವರ ಹೆದರಿಕೆ ಸುಳ್ಳಲ್ಲ. ಆದರೆ ಇನ್ನೊಂದು ವಿಚಿತ್ರ ನೋಡಿ. ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಇದೇ ಮಕ್ಕಳು ಮೈಕ್ ಹಿಡಿದು ಅಧ್ಯಕ್ಷರನ್ನು, ಪಿಡಿಒ ಅವರನ್ನು ಪ್ರಶ್ನೆ ಕೇಳುತ್ತಾರೆ. ಸರ್ಕಾರವೇ ಕೇಳಿ ಎನ್ನುತ್ತದೆ. ಅದೇ ಪ್ರಶ್ನೆಯನ್ನು ಶಾಲೆಯ ಗೋಡೆಗೆ ಬರೆದರೆ ಅಧಿಕಪ್ರಸಂಗ!

ಶುರು ಮಾಡಲು ಮಕ್ಕಳ ಗ್ರಾಮಸಭೆಗಿಂತ ಸಲೀಸಾದ ಜಾಗವಿಲ್ಲ. ಸಭೆಯಲ್ಲಿ ಕೇಳಿದ ಪ್ರಶ್ನೆ, ಬಂದ ಉತ್ತರ, ಕೊಟ್ಟ ಗಡುವು, ಇಷ್ಟನ್ನು ಮರುದಿನ ಗೋಡೆಗೆ ಅಂಟಿಸಿದರೆ ಅದು ಸರ್ಕಾರಿ ಸಭೆಯದೇ ವರದಿ. ಬೇಡ ಎನ್ನಲು ಯಾವ ಹೆಡ್‌ಮಾಸ್ಟರಿಗೂ ಕಷ್ಟ. ಗಡುವು ಮುಗಿದ ಮೇಲೆ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಪಂಚಾಯಿತಿ ಕಚೇರಿಗೆ ಹೋಗಿ, ಬಸ್ ಸ್ಟ್ಯಾಂಡಿನ ಬೀದಿದೀಪ ಏನಾಯಿತೆಂದು ಕೇಳಿ ಬರೆಯಲಿ. ಪಿಡಿಒ ಉತ್ತರ ಕೊಡದಿದ್ದರೆ, ಇಂಥ ತಾರೀಖು ಕೇಳಿದೆವು, ಉತ್ತರ ಕೊಡಲಿಲ್ಲ ಎಂದು ಬರೆಯಲಿ.