ಸಡಿಲವಾದ ಸ್ಟಿಯರಿಂಗ್: ಮನೆಯಂಗಳದ ಕೆಲಸವೋ, ಮಿಸ್ತ್ರಿಯ ಕೆಲಸವೋ?

ಪುಣೆಯ ಗುಲ್ಟೇಕಡಿಯಲ್ಲಿರುವ ಮಾರ್ಕೆಟ್ ಯಾರ್ಡ್ ಈರುಳ್ಳಿ, ಬೆಲ್ಲ, ಕಾಳುಕಡಿ, ಹೂವಿನ ಸಗಟು ಪೇಟೆ. ಉತ್ತರ ಕರ್ನಾಟಕದ ಸರಕೂ ಇಲ್ಲಿಗೆ ಬರುತ್ತದೆ. ಲಾರಿಗಳು ಬಂದು ನಿಲ್ಲುವ ಊರಲ್ಲೆಲ್ಲ ಲಾರಿ ಮಿಸ್ತ್ರಿಗಳೂ ಇರುತ್ತಾರೆ. ಮುಂದಿನ ಗಾಲಿ ಹೊರಳುವ ಅಚ್ಚಾದ ಕಿಂಗ್ ಪಿನ್ನಿಗೆ ಬುಷ್ ಹಾಕುವುದು, ಸ್ಟಿಯರಿಂಗ್ ಬಾಕ್ಸ್ ಬಿಚ್ಚಿ ಕೂಡಿಸುವುದು ಇವರು ಭಾರದ ಗಾಡಿಗಳ ಮೇಲೆ ಕಲಿತ ವಿದ್ಯೆ. ಪವರ್ ಸ್ಟಿಯರಿಂಗ್ ಬಂದ ಮೇಲೆ ಕಾರಿನ ಶೋರೂಮುಗಳಲ್ಲಿ ಈ ವಿದ್ಯೆ ಬಲ್ಲವರು ವಿರಳ. ಆದ್ದರಿಂದ ಪಕ್ಕದ ಮುಕುಂದನಗರದಲ್ಲೋ ಸ್ಯಾಲಿಸ್‌ಬರಿ ಪಾರ್ಕಿನಲ್ಲೋ ಹಳೆಯ ಪದ್ಮಿನಿ, ಅಂಬಾಸಡರ್ ಇಟ್ಟುಕೊಂಡವರಿಗೆ ಲಾರಿ ಮಿಸ್ತ್ರಿಯ ಈ ಕಸುಬು ದೊಡ್ಡ ಆಸರೆ.

ಹಳೆಯ ಕಾರಿನ ಸ್ಟಿಯರಿಂಗ್ ಒಂದೇ ದಿನಕ್ಕೆ ಕೆಡುವುದಿಲ್ಲ. ಮೊದಲು ವೀಲ್ ತುಸು ಹೆಚ್ಚು ತಿರುಗುತ್ತದೆ, ಗಾಡಿ ತುಸು ತಡವಾಗಿ ಹೊರಳುತ್ತದೆ. ಓಡಿಸುವ ಕೈ ಅದಕ್ಕೆ ಹೊಂದಿಕೊಂಡುಬಿಡುತ್ತದೆ. ಅಪಾಯ ಇರುವುದೇ ಈ ಹೊಂದಾಣಿಕೆಯಲ್ಲಿ. ಊರೊಳಗೆ ನಿಧಾನಕ್ಕೆ ಓಡುವಾಗ ಗೊತ್ತಾಗದ ಸಡಿಲ ಕಾತ್ರಜ್ ಘಾಟಿನ ಇಳಿಜಾರಿನಲ್ಲಿ ಪಕ್ಕದ ಲಾರಿಯತ್ತ ಎಳೆಯಬಹುದು.

ಎರಡು ಕಾರು, ಎರಡು ರಚನೆ

ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ತಯಾರಿಸುತ್ತಿದ್ದ ಫಿಯಟ್ 1100 ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಅದರಲ್ಲಿರುವುದು ಸ್ಟಿಯರಿಂಗ್ ಬಾಕ್ಸ್. ವೀಲ್ ತಿರುಗಿಸಿದರೆ ವರ್ಮ್ ಎಂಬ ಸುರುಳಿ ಹಲ್ಲಿನ ದಂಡ ತಿರುಗಿ, ತನಗೆ ಕೂಡಿದ ಶಾಫ್ಟನ್ನು ಹೊರಳಿಸುತ್ತದೆ. ಅಲ್ಲಿಂದ ಆರ್ಮ್, ರಾಡುಗಳ ಮೂಲಕ ಬಲ ಎರಡೂ ಗಾಲಿಗೆ ಮುಟ್ಟುತ್ತದೆ. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾದ ಅಂಬಾಸಡರ್‌ನಲ್ಲಿ ಇರುವುದು ಸಣ್ಣ ಗೇರು ಹಲ್ಲಿನ ದಂಡವನ್ನು ಎಡಬಲಕ್ಕೆ ಸರಿಸುವ ರ್‍ಯಾಕ್ ಅಂಡ್ ಪಿನಿಯನ್. ಮದರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್‌ದೂ ಅದೇ ರಚನೆ. ರ್‍ಯಾಕ್ ಇದ್ದಲ್ಲಿ ಕೀಲುಗಳು ಕಡಿಮೆ. ಬಾಕ್ಸ್ ಇದ್ದಲ್ಲಿ ಹೆಚ್ಚು. ಒಂದೊಂದು ಕೀಲೂ ಕೂದಲೆಳೆಯಷ್ಟು ಸವೆದರೆ ಸಾಕು, ಎಲ್ಲವೂ ಸೇರಿ ವೀಲಿನ ಅಂಚಿನಲ್ಲಿ ಬೆರಳಗಲದ ಆಟವಾಗುತ್ತದೆ.

ಮನೆಯಲ್ಲೇ ಮಾಡಬೇಕಾದ ಪರೀಕ್ಷೆ

ರಿಪೇರಿ ಎಲ್ಲೇ ಆಗಲಿ, ಪರೀಕ್ಷೆ ಮನೆಯಲ್ಲಿ ಆಗಬೇಕು. ಎಂಜಿನ್ ಆಫ್ ಮಾಡಿ, ಗಾಲಿಗಳನ್ನು ನೇರವಿಟ್ಟು, ಗಾಡಿ ಸಮತಟ್ಟು ನೆಲದ ಮೇಲೆ ನಿಂತಿರುವಾಗಲೇ ಒಬ್ಬರು ವೀಲನ್ನು ಎಡಬಲಕ್ಕೆ ಮೆಲ್ಲಗೆ ಆಡಿಸಬೇಕು. ಇನ್ನೊಬ್ಬರು ಟಾರ್ಚ್ ಹಿಡಿದು ಕೀಲುಗಳನ್ನು ಒಂದೊಂದಾಗಿ ನೋಡಬೇಕು. ಈಚೆಯ ರಾಡ್ ಅಲುಗಿಯೂ ಆಚೆಯ ಆರ್ಮ್ ಸುಮ್ಮನಿದ್ದರೆ ಸವೆದದ್ದು ನಡುವಿನ ಕೀಲು, ಅಂದರೆ ಟೈ ರಾಡ್ ಎಂಡ್.

ಆಮೇಲೆ ಮುಂದಿನ ಗಾಲಿ ಎತ್ತಿ ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಎಂದೂ ಹೋಗಬಾರದು. ಗಾಲಿಯ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಿಸಿ. ಆಟ ಇದ್ದರೆ ಜೊತೆಗಿದ್ದವರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಆಟ ನಿಂತರೆ ಅದು ಬೇರಿಂಗಿನದು. ನಿಲ್ಲದಿದ್ದರೆ ಕಿಂಗ್ ಪಿನ್ ಇಲ್ಲವೇ ಅದರ ಬುಷ್‌ನದು. ಇಷ್ಟು ತಿಳಿದು ಗ್ಯಾರೇಜಿಗೆ ಹೋದವರಿಗೆ ಬೇಡದ ಸಾಮಾನು ಬದಲಿಸಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಕೈ ಹಾಕಬಹುದಾದದ್ದು, ಹಾಕಬಾರದ್ದು

ಗ್ರೀಸ್ ತುಂಬುವುದು, ಬಾಕ್ಸಿನ ಗೇರ್ ಆಯಿಲ್ ನೋಡಿ ಹಾಕುವುದು, ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟು ಬಿಗಿ ಇದೆಯೇ ಎಂದು ನೋಡುವುದು ಮನೆಯ ಕೆಲಸ. ಸ್ಪ್ಯಾನರ್ ಹಿಡಿದು ಅಭ್ಯಾಸವಿದ್ದವರು ಟೈ ರಾಡ್ ಎಂಡನ್ನೂ ಬದಲಿಸಬಹುದು. ಆದರೆ ಅದಕ್ಕೆ ಪುಲ್ಲರ್ ಬೇಕು, ಬಿಚ್ಚುವ ಮುನ್ನ ಎಷ್ಟು ಎಳೆ ಒಳಗಿದೆ ಎಂದು ಗುರುತು ಹಾಕಬೇಕು, ಹೊಸ ಸ್ಪ್ಲಿಟ್ ಪಿನ್ನನ್ನೇ ಹಾಕಬೇಕು, ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು. ಇದರಲ್ಲಿ ಒಂದನ್ನಾದರೂ ಬಿಡುವವರು ಈ ಕೆಲಸಕ್ಕೆ ಇಳಿಯಬಾರದು.

ಬಾಕ್ಸಿನ ಮಾತೇ ಬೇರೆ. ಅದರ ಮೇಲೊಂದು ಅಡ್ಜಸ್ಟಿಂಗ್ ಸ್ಕ್ರೂ ಇರುತ್ತದೆ. ಅದನ್ನು ತುಸು ಬಿಗಿ ಮಾಡಿದರೆ ಆಟ ಹೋಗುತ್ತದೆ, ಅದಕ್ಕೇ ಎಲ್ಲರ ಕೈಯೂ ಮೊದಲು ಅಲ್ಲಿಗೆ ಹೋಗುತ್ತದೆ. ಆದರೆ ಗಾಡಿ ಹೆಚ್ಚಾಗಿ ಓಡುವುದು ನೇರಕ್ಕೆ. ವರ್ಮ್ ಸವೆಯುವುದೂ ನಡುವಿನ ಹಲ್ಲುಗಳಲ್ಲೇ. ಆ ಸವೆದ ಜಾಗಕ್ಕೆ ಸರಿಹೊಂದುವಂತೆ ಬಿಗಿದರೆ, ಸವೆಯದ ತುದಿಗಳಲ್ಲಿ ಹಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ತಿರುವಿನಲ್ಲಿ ವೀಲ್ ಭಾರವಾಗುತ್ತದೆ, ತಿರುವು ಮುಗಿದ ಮೇಲೆ ತಾನಾಗಿ ನೇರಕ್ಕೆ ಮರಳುವುದಿಲ್ಲ. ಸಡಿಲ ಸ್ಟಿಯರಿಂಗಿಗಿಂತ ಹೀಗೆ ಹಿಡಿದುಕೊಳ್ಳುವ ಸ್ಟಿಯರಿಂಗ್ ಕೆಟ್ಟದ್ದು. ಪಳಗಿದ ಮಿಸ್ತ್ರಿ ಮೊದಲು ಕೀಲುಗಳನ್ನೆಲ್ಲ ಸರಿಮಾಡಿ, ಕೊನೆಗೆ ಬಾಕ್ಸ್ ಮುಟ್ಟುತ್ತಾನೆ. ಗಾಲಿಗಳನ್ನು ನೆಲದಿಂದ ಎತ್ತಿ, ಈ ತುದಿಯಿಂದ ಆ ತುದಿಗೆ ವೀಲ್ ತಿರುಗಿಸುತ್ತ, ಎಲ್ಲಿ ಹಿಡಿಯುತ್ತದೆ ಎಂದು ಬೆರಳಲ್ಲೇ ತಿಳಿದು ಸ್ಕ್ರೂ ತಿರುಗಿಸುತ್ತಾನೆ.

ಕಿಂಗ್ ಪಿನ್ನಿನ ಬುಷ್ ಕೂಡ ಇಂಥದೇ ಕೆಲಸ. ಹೊಸ ಬುಷ್ ಒತ್ತಿ ಕೂರಿಸಿದರೆ ಮುಗಿಯಲಿಲ್ಲ. ಮೇಲಿನದೂ ಕೆಳಗಿನದೂ ಒಂದೇ ಗೆರೆಗೆ ಬರುವಂತೆ ರೀಮರ್ ಹಾಕಿ ಪಿನ್ನಿನ ಅಳತೆಗೆ ತರಬೇಕು. ಹೆಚ್ಚು ತೆಗೆದರೆ ಹೊಸ ಬುಷ್ಷೇ ಅಲುಗುತ್ತದೆ, ಕಡಿಮೆಯಾದರೆ ಗಾಲಿ ಹೊರಳದು. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಇನ್ನು ಬಾಗಿದ ಇಲ್ಲವೇ ಬಿರುಕು ಬಿಟ್ಟ ಸ್ಟಿಯರಿಂಗ್ ಆರ್ಮಿಗೆ ವೆಲ್ಡಿಂಗ್ ಮಾಡಿಕೊಡುತ್ತೇನೆ ಎನ್ನುವವರು ಮನೆಯವರಾದರೂ ಸರಿ, ಮಿಸ್ತ್ರಿಯಾದರೂ ಸರಿ, ಒಪ್ಪಬೇಡಿ. ಭಾಗವನ್ನೇ ಬದಲಿಸಬೇಕು.

ಕಾಯ್ದೆ ಏನೆನ್ನುತ್ತದೆ

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 98ನೆಯದು ಸ್ಟಿಯರಿಂಗ್ ಕುರಿತದ್ದು. ವೀಲಿನಲ್ಲಿ ಆಟ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಟೋಪಿ ಇರಬೇಕು, ಬೋಲ್ಟು, ಪಿನ್ನುಗಳು ಕಳಚದಂತೆ ಲಾಕ್ ಆಗಿರಬೇಕು ಎನ್ನುತ್ತದೆ ಅದು. 40 ಸೆಂಟಿಮೀಟರ್ ಅಗಲದ ವೀಲಿನ ಅಂಚಿನಲ್ಲಿ 30 ಡಿಗ್ರಿ ಎಂದರೆ ಸುಮಾರು 10 ಸೆಂಟಿಮೀಟರ್. ಇದು ಕಾನೂನಿನ ಕಟ್ಟಕಡೆಯ ಗೆರೆ. ಅಲ್ಲಿಯವರೆಗೆ ಕಾಯುವುದು ಜಾಣತನವಲ್ಲ. ಖಾಸಗಿ ಕಾರಿಗೆ 15 ವರ್ಷವಾದ ಮೇಲೆ ನೋಂದಣಿ ನವೀಕರಣಕ್ಕೆ ಹೋದಾಗ ಗಾಡಿಯ ಸ್ಥಿತಿಯ ತಪಾಸಣೆ ಆಗಿಯೇ ಆಗುತ್ತದೆ. 2021ರ ನಿಯಮದ ಪ್ರಕಾರ 50 ವರ್ಷ ದಾಟಿ, ಮೂಲ ರೂಪದಲ್ಲೇ ಉಳಿದ ಕಾರುಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಮೊದಮೊದಲ ಪದ್ಮಿನಿಗಳಿಗೆ ಈಗ ಆ ವಯಸ್ಸಾಗಿದೆ. ಬೇರೆ ಕಾರಿನ ಸ್ಟಿಯರಿಂಗ್ ತಂದು ಕೂರಿಸುವ ಮುನ್ನ ಅಂಥ ಪದ್ಮಿನಿಯ ಮಾಲೀಕರು ಇದನ್ನೂ ಯೋಚಿಸಬೇಕು.

ಒಟ್ಟಿನಲ್ಲಿ ಪರೀಕ್ಷೆ ಮನೆಯಲ್ಲಿ, ಗ್ರೀಸು ಎಣ್ಣೆ ಮನೆಯಲ್ಲಿ, ಅಭ್ಯಾಸವಿದ್ದರೆ ಟೈ ರಾಡ್ ಎಂಡ್ ಕೂಡ ಮನೆಯಲ್ಲಿ. ಬಾಕ್ಸ್, ರ್‍ಯಾಕ್, ಕಿಂಗ್ ಪಿನ್ ಮಾತ್ರ ಮಿಸ್ತ್ರಿಗೇ ಬಿಡಬೇಕು. ರಿಪೇರಿ ನಡೆಯುವಾಗ ಪಕ್ಕದಲ್ಲಿ ನಿಂತು ನೋಡಿ, ಬಿಚ್ಚಿದ ಹಳೆಯ ಭಾಗ ಕೇಳಿ ಪಡೆಯಿರಿ, ಪ್ರತಿ ನಟ್ಟಿಗೂ ಪಿನ್ ಬಿದ್ದಿದೆಯೇ ನೋಡಿ. ಈ ಕೈಕಸುಬು ಉಳಿದಿರುವುದು ಹಳೆಯ ಗಾಡಿಗಳನ್ನು ಇನ್ನೂ ಓಡಿಸುವವರಿಂದ. ಮಿಸ್ತ್ರಿಯ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ನಿಮ್ಮ ಮನೆಯವರನ್ನೆಲ್ಲ ಕೂರಿಸಿಕೊಂಡು ಹೋಗುವ ಗಾಡಿ ಅದು.